ಹದಿನಾರು ಕೋಟಿ, ಹದಿನಾರು ಸಾವಿರ: ಒಂದು ಫೋನ್ ಕರೆಗೆ ಉತ್ತರ



ಈಚೆಗೆ ಒಂದು ದಿನ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರುವ ಹೊತ್ತಿಗೆ ಒಂದು ಫೋನ್ ಬಂತು. ನಾರಾಯಣಗೂಡದ ಮೇಲ್ಕೋಟೆ ಪಾರ್ಕಿನ ಹತ್ತಿರ ಇರುವ ಹಿರಿಯರೊಬ್ಬರು. ಮೂಲತಃ ಬೀದರ್ ಕಡೆಯವರು. ಯಾವ ಹಾಡು ಬೇಕು ಎಂದು ಕೇಳುವಷ್ಟರಲ್ಲಿ ಅವರೇ ಮಾತು ತೆಗೆದರು. "ಮೊಮ್ಮಗಗ ಎಂಟು ತಿಂಗಳಾತ್ರೀ. ಇನ್ನಾ ಕುತ್ತಿಗಿ ನಿಂತಿಲ್ಲ. ಡಾಕ್ಟ್ರು ಎಸ್‌ಎಂಎ ಅಂದಾರ. ಹದಿನಾರು ಕೋಟಿ ಔಷಧ ಈಗ ಹದಿನಾರು ಸಾವಿರಕ್ಕ ಬಂದದಂತ. ಖರೇ ಏನ್ರೀ ಮೇಡಂ?"

ನಾನು ಡಾಕ್ಟರಲ್ಲ, ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವಳು. ವಿಚಾರಿಸಿ ಹೇಳುತ್ತೇನೆ ಅಂದೆ. ವಿಚಾರಿಸಿ, ಓದಿ ತಿಳಿದುಕೊಂಡದ್ದು ಇಷ್ಟು: ಆ ಸುದ್ದಿ ಅರ್ಧ ಖರೆ. ಆ ಅರ್ಧದಲ್ಲೇ ದೊಡ್ಡ ಭರವಸೆ ಇದೆ. ಇಂಥ ಪ್ರಶ್ನೆ ಇನ್ನೂ ಎಷ್ಟು ಮನೆಗಳಲ್ಲಿದೆಯೋ ಎಂದು ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಏನಿದು ಎಸ್‌ಎಂಎ?

ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬುದರ ಚಿಕ್ಕ ಹೆಸರು ಎಸ್‌ಎಂಎ. ಬೆನ್ನುಹುರಿಯಲ್ಲಿರುವ ಕೆಲವು ನರಕೋಶಗಳು ಕೈಕಾಲು, ಕತ್ತು, ಎದೆಯ ಸ್ನಾಯುಗಳಿಗೆ 'ಅಲುಗಾಡು' ಎಂದು ಅಪ್ಪಣೆ ಕೊಡುತ್ತವೆ. ಈ ಕಾಯಿಲೆಯಲ್ಲಿ ಆ ಕೋಶಗಳೇ ಒಂದೊಂದಾಗಿ ಸಾಯುತ್ತವೆ. ಅಪ್ಪಣೆ ಸಿಗದ ಸ್ನಾಯು ಸೊರಗುತ್ತದೆ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ. ಮಗು ಕಣ್ಣರಳಿಸಿ ನೋಡುತ್ತದೆ, ಅಮ್ಮನ ದನಿ ಗುರುತಿಸಿ ನಗುತ್ತದೆ. ಎತ್ತಿಕೊಂಡರೆ ಮೈ ಜೋಲುತ್ತದೆ.

ಸರಿಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ಕಾಯಿಲೆ ಇದು. ಆರು ತಿಂಗಳೊಳಗೆ ಕಾಣಿಸಿಕೊಳ್ಳುವುದು ಮೊದಲನೆಯ ಬಗೆ, ಎಲ್ಲಕ್ಕಿಂತ ಕಠಿಣವಾದದ್ದು. ಚಿಕಿತ್ಸೆ ಇಲ್ಲದಿದ್ದರೆ ಈ ಮಕ್ಕಳು ಆಧಾರವಿಲ್ಲದೆ ಕೂರುವುದೇ ಇಲ್ಲ. ಉಸಿರಾಟದ ಯಂತ್ರದ ನೆರವಿಲ್ಲದೆ ಎರಡನೇ ಹುಟ್ಟುಹಬ್ಬ ಕಾಣುವವರು ಕಡಿಮೆ. ತಡವಾಗಿ ಕಾಣಿಸಿಕೊಳ್ಳುವ ಬಗೆಗಳಲ್ಲಿ ಕೆಲವರು ಕೂರುತ್ತಾರೆ, ಕೆಲವರು ನಡೆಯುತ್ತಾರೆ, ಬರುಬರುತ್ತಾ ಶಕ್ತಿ ಕುಂದುತ್ತದೆ.

ಕಾರಣ ನಮ್ಮ ಜೀನ್‌ನಲ್ಲಿದೆ. 1995ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಎಸ್‌ಎಂಎನ್-1 ಎಂಬ ಜೀನು ನರಕೋಶಕ್ಕೆ ಬೇಕಾದ ಒಂದು ಪ್ರೋಟೀನು ತಯಾರಿಸುತ್ತದೆ. ಈ ಮಕ್ಕಳಲ್ಲಿ ಅದು ಇರುವುದಿಲ್ಲ ಅಥವಾ ಕೆಟ್ಟಿರುತ್ತದೆ. ಆದರೆ ದೇಹ ಒಂದು ಬದಲಿ ಪ್ರತಿ ಇಟ್ಟುಕೊಂಡಿದೆ, ಅದು ಎಸ್‌ಎಂಎನ್-2. ನಮ್ಮ ರೇಡಿಯೋ ಭಾಷೆಯಲ್ಲಿ ಹೇಳುವುದಾದರೆ, ಮೂಲ ಸ್ಕ್ರಿಪ್ಟು ಕಳೆದುಹೋಗಿದೆ, ಜೆರಾಕ್ಸ್ ಪ್ರತಿ ಇದೆ. ಆ ಪ್ರತಿಯನ್ನು ಓದುವಾಗ ಹೆಚ್ಚಿನ ಸಲ ಏಳನೇ ಪುಟ ಹಾರಿಹೋಗುತ್ತದೆ. ಹತ್ತು ಸಲ ಓದಿದರೆ ಒಂದು ಸಲವೋ ಏನೋ ಪೂರ್ತಿ ಓದಾಗುತ್ತದೆ. ಅಷ್ಟು ಪ್ರೋಟೀನು ಸಾಲುವುದಿಲ್ಲ.

ಎರಡು ಔಷಧಿ, ಎರಡು ಲೆಕ್ಕ

ಹದಿನಾರು ಕೋಟಿಯ ಔಷಧಿ ಝೋಲ್ಜೆನ್ಸ್ಮಾ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ. ಕಳೆದುಹೋದ ಮೂಲ ಸ್ಕ್ರಿಪ್ಟಿನ ಹೊಸ ಪ್ರತಿಯನ್ನು ನಿರಪಾಯಕಾರಿ ವೈರಸ್ಸಿನ ಮೂಲಕ ಕೋಶಕ್ಕೆ ತಲುಪಿಸುತ್ತದೆ. ಒಂದೇ ಸಲ ರಕ್ತನಾಳಕ್ಕೆ ಕೊಡುವುದು. ನಿಮಗೆ ನೆನಪಿರಬಹುದು, 2021ರ ಜೂನಿನಲ್ಲಿ ಹೈದರಾಬಾದಿನ ಒಂದು ಮಗುವಿಗೆ ಇದನ್ನು ಕೊಡಿಸಲು ಅರವತ್ತು ಸಾವಿರಕ್ಕೂ ಹೆಚ್ಚು ಜನ ಹಣ ಹಾಕಿದರು. ನೂರು, ಇನ್ನೂರು ಕೊಟ್ಟವರೂ ಇದ್ದರು. ಆ ಔಷಧಿ ಹದಿನಾರು ಸಾವಿರಕ್ಕೆ ಬಂದಿಲ್ಲ.

ಬೆಲೆ ಇಳಿದದ್ದು ಇನ್ನೊಂದು ಔಷಧಿಯದು, ಹೆಸರು ರಿಸ್ಡಿಪ್ಲಾಮ್. ಇದು ಹೊಸ ಸ್ಕ್ರಿಪ್ಟು ತರುವುದಿಲ್ಲ. ಇರುವ ಜೆರಾಕ್ಸ್ ಪ್ರತಿಯನ್ನು ಏಳನೇ ಪುಟ ಬಿಡದೆ ಓದಿಸುತ್ತದೆ. ಇಂಜೆಕ್ಷನ್ ಅಲ್ಲ, ಬಾಯಿಗೆ ಹಾಕುವ ದ್ರವ. ದಿನಕ್ಕೊಂದು ಸಲ, ಮನೆಯಲ್ಲೇ, ಆದರೆ ನಿಲ್ಲಿಸದೆ ಕೊಡಬೇಕು. ರೋಷ್ ಕಂಪನಿ ತಂದ ಈ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಅದರ ಒಂದು ಬಾಟಲಿಗೆ ಆರು ಲಕ್ಷ ರೂಪಾಯಿಗೂ ಹೆಚ್ಚು ಇತ್ತು.

ಇಳಿಸಿದವರು ನಮ್ಮೂರಿನವರೇ. ಹೈದರಾಬಾದಿನ ನ್ಯಾಟ್ಕೋ ಫಾರ್ಮಾ ಅದೇ ಔಷಧಿಯನ್ನು ತಾನೂ ತಯಾರಿಸಲು ಹೊರಟಾಗ ಪೇಟೆಂಟಿನ ಮೇಲೆ ಜಗಳ ಕೋರ್ಟಿಗೆ ಹೋಯಿತು. ನ್ಯಾಟ್ಕೋವನ್ನು ತಡೆಯಲು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಒಪ್ಪಲಿಲ್ಲ. ಅಕ್ಟೋಬರ್ 9ರಂದು ಮೇಲ್ಮನವಿಯೂ ಬಿತ್ತು. ಅದೇ ತಿಂಗಳ 17ರಂದು ಸುಪ್ರೀಂ ಕೋರ್ಟು ಕೂಡ ಅಡ್ಡ ಬರಲಿಲ್ಲ. ಕಾಯಿಲೆ ಇರುವ ಕೇರಳದ ಯುವತಿಯೊಬ್ಬರು ತಮ್ಮ ಮಾತನ್ನೂ ಕೇಳಿ ಎಂದು ನ್ಯಾಯಾಲಯದ ಮುಂದೆ ಬಂದಿದ್ದರು. ನ್ಯಾಟ್ಕೋ ಬಾಟಲಿಗೆ ಇಟ್ಟ ಬೆಲೆ 15,900 ರೂಪಾಯಿ.

ಒಂದು ಬಾಟಲಿ ಎಷ್ಟು ದಿನ?

ವಾಟ್ಸಾಪ್ ಸುದ್ದಿಯಲ್ಲಿ ಬಿಟ್ಟುಹೋದದ್ದು ಈ ಲೆಕ್ಕ. ಬಾಟಲಿಯಲ್ಲಿ 60 ಮಿಲಿಗ್ರಾಂ ಔಷಧಿ ಇರುತ್ತದೆ. ಎಷ್ಟು ಕೊಡಬೇಕೆಂಬುದು ವಯಸ್ಸು, ತೂಕದ ಮೇಲೆ ಹೋಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು. ಅಂದಾಜಿಗೆ, ಎಂಟು ಕಿಲೋ ತೂಕದ ಎಂಟು ತಿಂಗಳ ಮಗುವಿಗೆ ಒಂದು ಬಾಟಲಿ ಐದು ವಾರದ ಮೇಲೆ ಬರುತ್ತದೆ. ವರ್ಷಕ್ಕೆ ಹತ್ತು ಬಾಟಲಿ, ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ. ಇಪ್ಪತ್ತು ಕಿಲೋ ದಾಟಿದವರಿಗೆ ದಿನಕ್ಕೆ 5 ಮಿಲಿಗ್ರಾಂ, ಅಂದರೆ ಬಾಟಲಿ ಹನ್ನೆರಡೇ ದಿನ. ವರ್ಷಕ್ಕೆ ಮೂವತ್ತು ಬಾಟಲಿ ಹಿಡಿದರೆ ನಾಲ್ಕು ಮುಕ್ಕಾಲು ಲಕ್ಷ. ಸಂಬಳದ ಮೇಲೆ ನಡೆಯುವ ಮನೆಗೆ ಇದೂ ಸಣ್ಣ ಮೊತ್ತವಲ್ಲ.

ಆದರೂ ವ್ಯತ್ಯಾಸ ನೋಡಿ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಎಸ್‌ಎಂಎ ಸೇರಿದೆ. 2022ರಲ್ಲಿ ಒಬ್ಬ ರೋಗಿಗೆ ಕೊಡುವ ನೆರವನ್ನು ಗರಿಷ್ಠ 50 ಲಕ್ಷಕ್ಕೆ ಏರಿಸಿದರು. ಹಳೆಯ ಬೆಲೆಯಲ್ಲಿ ಅಷ್ಟು ಹಣಕ್ಕೆ ಎಂಟು ಬಾಟಲಿ. ಇಪ್ಪತ್ತು ಕಿಲೋ ಮಗುವಿಗೆ ಮೂರು ತಿಂಗಳ ಔಷಧಿ, ಆಮೇಲೆ ಬರಿಗೈ. ಹೊಸ ಬೆಲೆಯಲ್ಲಿ ಅದೇ ಹಣ ಹತ್ತು ವರ್ಷ ಬಾಳುತ್ತದೆ. ಭರವಸೆ ಎಂದು ನಾನು ಹೇಳಿದ್ದು ಇದನ್ನೇ.

ತಡ ಮಾಡಬಾರದು ಏಕೆ?

ಸತ್ತ ನರಕೋಶವನ್ನು ಈ ಯಾವ ಔಷಧಿಯೂ ಬದುಕಿಸುವುದಿಲ್ಲ, ಉಳಿದದ್ದನ್ನು ಕಾಪಾಡುತ್ತದೆ ಅಷ್ಟೆ. ಮೊದಲನೆಯ ಬಗೆಯ 41 ಮಕ್ಕಳಿಗೆ ರಿಸ್ಡಿಪ್ಲಾಮ್ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ 12 ಮಕ್ಕಳು ಆಧಾರವಿಲ್ಲದೆ ಐದು ಸೆಕೆಂಡಾದರೂ ಕೂತರು. ಹೊರಗಿನವರಿಗೆ ಐದು ಸೆಕೆಂಡು ಏನು ಮಹಾ ಅನ್ನಿಸಬಹುದು. ಔಷಧಿ ಇಲ್ಲದಿದ್ದರೆ ಅಷ್ಟೂ ಇಲ್ಲ. ಲಕ್ಷಣ ಕಾಣುವ ಮೊದಲೇ ಶುರುಮಾಡಿದ ಮಕ್ಕಳು ಇನ್ನೂ ಎಷ್ಟೋ ಮುಂದೆ ಹೋಗಿದ್ದಾರೆ.

ಹಾಗಾಗಿ ಮೂರು ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಕಾಲು ಕಪ್ಪೆಯಂತೆ ಅಗಲಿಸಿ ಅಲುಗಾಡದೆ ಇದ್ದರೆ, ಅಳು ಕ್ಷೀಣವಾಗಿದ್ದರೆ, ಉಸಿರಾಡುವಾಗ ಎದೆ ಒಳಗೆ ಹೋಗಿ ಹೊಟ್ಟೆ ಮಾತ್ರ ಉಬ್ಬುತ್ತಿದ್ದರೆ "ನಿಧಾನಕ್ಕೆ ಬೆಳೆಯುತ್ತೆ ಬಿಡಿ, ಇವರಪ್ಪನೂ ಹೀಗೇ ಇದ್ದ" ಎಂದು ಕೂರಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ. ರಕ್ತದ ಡಿಎನ್‌ಎ ಪರೀಕ್ಷೆಯಿಂದ ಹೆಚ್ಚಿನವರಲ್ಲಿ ಗೊತ್ತಾಗುತ್ತದೆ. ಮೇಲೆ ಹೇಳಿದ ಕೇಂದ್ರದ ನೆರವಿಗೆ ಹೈದರಾಬಾದಿನಲ್ಲಿ ಗುರುತಿಸಿರುವ ಕೇಂದ್ರ ಸಿಡಿಎಫ್‌ಡಿ, ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ಜೊತೆಗೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೆ. ಊರಿನಲ್ಲಿ ಅಣ್ಣತಮ್ಮಂದಿರಿದ್ದರೆ ಅವರಿಗೂ ತಿಳಿಸಿ.

ಮನೆಯೊಳಗಿನ ಮಾತು

ಈ ಕಾಯಿಲೆ ಬಂದ ಮನೆಯಲ್ಲಿ ಮೊದಲು ಬೆರಳು ತಿರುಗುವುದು ಸೊಸೆಯ ಕಡೆಗೆ. ದಯವಿಟ್ಟು ಬೇಡ. ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತಿರುತ್ತಾರೆ, ಇಬ್ಬರಿಗೂ ಯಾವ ತೊಂದರೆಯೂ ಇರುವುದಿಲ್ಲ. ಅಂಥವರಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಯಾಗುವ ನಮ್ಮಲ್ಲಿ ಈ ಸಂಭವ ಹೆಚ್ಚು. ಎರಡನೇ ಮಗುವಿನ ಯೋಚನೆ ಇದ್ದರೆ ಮೊದಲೇ ಜೆನೆಟಿಕ್ಸ್ ಡಾಕ್ಟರನ್ನು ಕಾಣಿ, ಗರ್ಭದಲ್ಲೇ ಪರೀಕ್ಷೆ ಮಾಡುವ ದಾರಿ ಇದೆ.

ಔಷಧಿ ಬಂತೆಂದು ಫಿಜಿಯೋಥೆರಪಿ ಬಿಡುವಂತಿಲ್ಲ. ಕಫ ಕಟ್ಟದಂತೆ, ಅನ್ನ ಶ್ವಾಸನಾಳಕ್ಕೆ ಹೋಗದಂತೆ ನೋಡಿಕೊಳ್ಳಬೇಕು, ಲಸಿಕೆ ತಪ್ಪಬಾರದು. ರಾತ್ರಿಯೆಲ್ಲ ಮಗುವಿನ ಉಸಿರು ಕೇಳುತ್ತ ಎಚ್ಚರವಿರುವ ತಾಯಿಗೆ ಎರಡು ಗಂಟೆ ನಿದ್ದೆ ಸಿಗುವಂತೆ ಮಾಡುವುದೂ ಚಿಕಿತ್ಸೆಯೇ. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದು ಕೇಳದೆಯೇ ದೊಡ್ಡದಾಗಿಬಿಡುತ್ತದೆ. ಅದನ್ನೂ ಒಮ್ಮೆ ಪಾರ್ಕಿಗೆ ಕರೆದುಕೊಂಡು ಹೋಗಿ. ನೆರೆಹೊರೆಯವರು "ಏನಂದ್ರು ಡಾಕ್ಟ್ರು?" ಎಂದು ದಿನಾ ಕೇಳುವ ಬದಲು ಒಂದು ಡಬ್ಬಿ ಸಾರು ಕಳಿಸಿದರೆ ಸಾಕು.

ನಾರಾಯಣಗೂಡದ ಅಜ್ಜನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. "ಅಂದ್ರ ಪೂರಾ ಗುಣ ಆಗಂಗಿಲ್ಲ?" ಅಂದರು. ಪೂರ್ತಿ ಗುಣ ಎಂದು ಯಾರೂ ಮಾತು ಕೊಡುವುದಿಲ್ಲ, ಆದರೆ ಮೊದಲು ಕೈಗೆ ಎಟುಕದೆ ಇದ್ದದ್ದು ಈಗ ಎಟುಕುವ ಹಾಗಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾಳೀನೇ ನಿಮ್ಸಿಗೆ ಹೋಗ್ತೀವಿ" ಎಂದರು.

ಹೋದವಾರ ಮತ್ತೆ ಫೋನ್ ಮಾಡಿದ್ದರು. ಹೆಸರು ಬರೆಸಿದ್ದಾರೆ, ಕಾಗದಪತ್ರ ನಡೆಯುತ್ತಿದೆ. ನಮ್ಮ ಕಾರ್ಯಕ್ರಮ ಶುರುವಾದರೆ ಕೂಸು ರೇಡಿಯೋ ಕಡೆಗೆ ಕಣ್ಣು ಹೊರಳಿಸುತ್ತದಂತೆ. ಈ ಸಲ ಅವರು ಒಂದು ಹಾಡನ್ನೂ ಕೇಳಿದರು, ಮೊಮ್ಮಗನ ಹೆಸರಿನಲ್ಲಿ. ಮುಂದಿನ ವಾರ ಹಾಕುತ್ತೇವೆ. ನೀವೂ ಕೇಳಿ.