ಕ್ಲಚ್ ತುಳಿದ್ರೂ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಈ ಪುಟ್ಟ ಸ್ವಿಚ್ ನೋಡಿ

ಬೆಳಗಿನ ಜಾವ ನಾಲ್ಕು ಗಂಟೆ. ಬೀನ್ಸ್ ಕ್ರೇಟ್ ಎಲ್ಲಾ ಲೋಡ್ ಆಗಿದೆ, ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ಹೊರಡಬೇಕು. ಕ್ಲಚ್ ತುಳಿದು ಕೀ ತಿರುಗಿಸಿದ್ರೆ ಪಿಕಪ್‌ನಿಂದ ಒಂದು ಸದ್ದೂ ಇಲ್ಲ. ಹೆಡ್‌ಲೈಟ್ ಮಾತ್ರ ಝಗಮಗ ಉರೀತಿದೆ. ಹೋದ ವರ್ಷ ನನಗೆ ಹೀಗಾದಾಗ ಬ್ಯಾಟರಿ, ಸ್ಟಾರ್ಟರ್ ಮೋಟರ್ ಅಂತ ಎರಡು ದಿನ ಅಲೆದಾಡಿದೆ. ಕೊನೆಗೆ ಸಿಕ್ಕಿದ್ದು ಪೆಡಲ್ ಹತ್ತಿರ ಇರೋ ಹೆಬ್ಬೆರಳು ಗಾತ್ರದ ಕ್ಲಚ್ ಸ್ವಿಚ್ ದೋಷ. ಮಾರ್ಕೆಟ್ ತಪ್ಪಿದ್ರೆ ತರಕಾರಿ ಬಾಡುತ್ತೆ, ರೇಟ್ ಬೀಳುತ್ತೆ. ಅದಕ್ಕೇ ಈ ವಾರ ಬೆಳೆ ಬಿಟ್ಟು ಗಾಡಿ ವಿಷಯ.

ಈ ಸ್ವಿಚ್ ಮಾಡೋ ಕೆಲಸ ಏನು?

ಈಗಿನ ಗಾಡಿಗಳಲ್ಲಿ ಇಂಜಿನ್ನಿನ ಕಂಪ್ಯೂಟರ್, ಅಂದ್ರೆ ಇಸಿಯು, ಡೀಸೆಲ್ ಎಷ್ಟು ಬಿಡಬೇಕು ಅನ್ನೋದನ್ನ ತೀರ್ಮಾನಿಸುತ್ತೆ. ನೀವು ಕ್ಲಚ್ ತುಳಿದಿದ್ದೀರಾ, ಬಿಟ್ಟಿದ್ದೀರಾ ಅನ್ನೋದು ಅದಕ್ಕೆ ಗೊತ್ತಾಗೋದು ಈ ಸ್ವಿಚ್ ಕಳಿಸೋ ಸಿಗ್ನಲ್‌ನಿಂದ. ಹಲವು ಗಾಡಿಗಳಲ್ಲಿ ಎರಡು ಸ್ವಿಚ್ ಇರುತ್ತೆ:

- ಪೆಡಲ್ ಪೂರ್ತಿ ಕೆಳಗೆ ಹೋದಾಗ ಒತ್ತುವ ಸ್ವಿಚ್: ಇದು ಒಪ್ಪಿಗೆ ಕೊಟ್ರೆ ಮಾತ್ರ ಸ್ಟಾರ್ಟರ್ ತಿರುಗುತ್ತೆ.
- ಪೆಡಲ್ ಮೇಲೆ ಬಂದಾಗ ಒತ್ತುವ ಸ್ವಿಚ್: ಗೇರ್ ಬದಲಿಸುವಾಗ ಇಂಜಿನ್ ರೇಸ್ ನಿಯಂತ್ರಣಕ್ಕೆ, ಕ್ರೂಸ್ ಕಂಟ್ರೋಲ್ ಇದ್ರೆ ಅದನ್ನ ಬಿಡಿಸೋದಕ್ಕೆ.

ಮೊದಲನೆಯದು ಕೆಟ್ರೆ ಗಾಡಿ ಸ್ಟಾರ್ಟ್ ಆಗಲ್ಲ. ಎರಡನೆಯದು ಕೆಟ್ರೆ ಗೇರ್ ಬದಲಿಸುವಾಗ ರೇಸ್ ಇಳಿಯದೆ ನಿಲ್ಲಬಹುದು, ಗಾಡಿ ಜರ್ಕ್ ಹೊಡೀಬಹುದು, ಕ್ರೂಸ್ ಹಿಡಿಯದೇ ಇರಬಹುದು.

ಒಂದೊಂದಾಗಿ ಪರೀಕ್ಷೆ ಮಾಡಿ

ಶುರು ಮಾಡೋ ಮುಂಚೆ ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ಗೆ ತನ್ನಿ.

1. ಬ್ಯಾಟರಿ. ಕೀ ತಿರುಗಿಸಿದಾಗ ಲೈಟ್ ಮಂಕಾಗಿ 'ಕಟ್ ಕಟ್' ಸದ್ದು ಬಂದ್ರೆ ಬ್ಯಾಟರಿ ಕಡೆ ನೋಡಿ. ಲೈಟ್ ಚೆನ್ನಾಗಿದ್ದು ಸದ್ದೇ ಇಲ್ಲ ಅಂದ್ರೆ ಸ್ಟಾರ್ಟರ್ ಫ್ಯೂಸ್, ರಿಲೇ ನೋಡಿ, ಆಮೇಲೆ ಕ್ಲಚ್ ಸ್ವಿಚ್.

2. ಪೆಡಲ್ ಕೆಳಗೆ. ಮ್ಯಾಟ್ ಮಡಚಿಕೊಂಡಿದ್ರೆ, ನೀರಿನ ಬಾಟಲಿ ಉರುಳಿ ಬಂದಿದ್ರೆ ಪೆಡಲ್ ಪೂರ್ತಿ ಹೋಗಲ್ಲ. ತೆಗೆದು ಇನ್ನೊಮ್ಮೆ ಗಟ್ಟಿಯಾಗಿ ತುಳಿದು ನೋಡಿ.

3. ಮೊಬೈಲ್ ಟಾರ್ಚ್ ಹಿಡಿದು ಮೇಲೆ ನೋಡಿ. ಸ್ವಿಚ್ಚಿನ ಮೂತಿ ಒತ್ತೋ ಜಾಗದಲ್ಲಿ ಸಾಮಾನ್ಯವಾಗಿ ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆ ಇರುತ್ತೆ. ಹಳೇದಾದ್ರೆ ಪುಡಿಯಾಗಿ ಬೀಳುತ್ತೆ, ಸ್ವಿಚ್ ಮೂತಿ ಆ ತೂತಿನೊಳಗೆ ಹೋಗಿಬಿಡುತ್ತೆ. ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಕಂಡ್ರೆ ಉತ್ತರ ಸಿಕ್ಕಿದ ಹಾಗೇ. ನನ್ನ ಗಾಡಿಯಲ್ಲಿ ಆಗಿದ್ದೂ ಇದೇ.

4. ಕನೆಕ್ಟರ್. ಕೀ ಆಫ್ ಮಾಡಿ ಬಿಚ್ಚಿ. ಒಳಗೆ ಹಸಿರು ಕಿಲುಬು, ಮಣ್ಣು ಇದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಕಾಳಿನ ಮೂಟೆ ಸಾಗಿಸೋ ಗಾಡಿಗೆ ಇಲಿ ಕಾಟ ಇದ್ದದ್ದೇ, ವೈರ್ ಕಡಿದಿದೆಯಾ ನೋಡಿ.

5. ಮಲ್ಟಿಮೀಟರ್. ಎರಡು ಪಿನ್ನಿನ ಸ್ವಿಚ್ ಆದ್ರೆ ಬೀಪ್ ಮೋಡ್‌ನಲ್ಲಿ ಎರಡೂ ಪಿನ್ ಮುಟ್ಟಿಸಿ, ಮೂತಿ ಒತ್ತಿ, ಬಿಡಿ. ಕೆಲವು ಒತ್ತಿದಾಗ ಬೀಪ್ ಅನ್ನುತ್ತೆ, ಕೆಲವು ಬಿಟ್ಟಾಗ. ಬದಲಾವಣೆ ಆಗಬೇಕು, ಅಷ್ಟೇ. ಆಗದಿದ್ರೆ ಸ್ವಿಚ್ ಹೋಗಿದೆ. ಮೂರು ಪಿನ್ನಿನದು ಸೆನ್ಸರ್ ಆಗಿರಬಹುದು, ಅದಕ್ಕೆ ಬೀಪ್ ಪರೀಕ್ಷೆ ಬೇಡ.

6. ವೈರ್ ಕಡೆ ಕರೆಂಟ್. ಸ್ವಿಚ್ ಸರಿ ಇದ್ರೆ ಕನೆಕ್ಟರ್ ಬಿಚ್ಚಿಟ್ಟು ಕೀ ಆನ್ ಮಾಡಿ, ಬಾಡಿ ಅರ್ತ್ ಜೊತೆ ವೋಲ್ಟ್ ಅಳೆಯಿರಿ. ಇಸಿಯುಗೆ ಹೋಗೋ ಸ್ವಿಚ್ಚಿನಲ್ಲಿ ಗಾಡಿಗೆ ತಕ್ಕಂತೆ ಒಂದು ವೈರಿನಲ್ಲಿ 5 ಅಥವಾ 12 ವೋಲ್ಟ್ ಹತ್ತಿರ ಬರುತ್ತೆ. ಸ್ಟಾರ್ಟರ್ ಸ್ವಿಚ್ಚಿಗೆ ಕೆಲವು ಗಾಡಿಗಳಲ್ಲಿ ಕೀ ಸ್ಟಾರ್ಟ್‌ಗೆ ತಿರುಗಿಸಿದಾಗ ಮಾತ್ರ ಬರುತ್ತೆ. ಬರಲೇ ಇಲ್ಲ ಅಂದ್ರೆ ಫ್ಯೂಸ್ ಅಥವಾ ವೈರಿಂಗ್ ದೋಷ. ಟೆಸ್ಟ್ ಬಲ್ಬ್ ಹಾಕಬೇಡಿ, ಅದು ಹೆಚ್ಚು ಕರೆಂಟ್ ಎಳೆದು ಇಸಿಯುಗೇ ಪೆಟ್ಟು ಕೊಡಬಹುದು. ಹಳದಿ ಕನೆಕ್ಟರ್ ಏರ್‌ಬ್ಯಾಗ್‌ದು, ಮುಟ್ಟಲೇಬೇಡಿ.

ಫೋನ್‌ನಲ್ಲೂ ನೋಡಬಹುದು

ಗಾಡಿಯ ಓಬಿಡಿ ಪೋರ್ಟ್‌ಗೆ ಬ್ಲೂಟೂತ್ ಅಡಾಪ್ಟರ್ ಹಾಕಿದ್ರೆ ಆಪ್‌ನಲ್ಲಿ ಎರರ್ ಕೋಡ್ ಬರುತ್ತೆ. ಪಿ0704, ಪಿ0830, ಪಿ0833 ಇವು ಕ್ಲಚ್ ಸ್ವಿಚ್‌ಗೆ ಸಂಬಂಧಪಟ್ಟವು. ಆದ್ರೆ ಕೋಡ್ ಹೇಳೋದು 'ಈ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ' ಅಂತ ಮಾತ್ರ. ಸ್ವಿಚ್, ವೈರ್, ಕನೆಕ್ಟರ್, ಬಿಲ್ಲೆ ಯಾವುದಾದ್ರೂ ಆಗಿರಬಹುದು. ಕೋಡ್ ನೋಡಿದ ತಕ್ಷಣ ಹೊಸ ಸ್ವಿಚ್ ತರಬೇಡಿ. ಲೈವ್ ಡೇಟಾದಲ್ಲಿ ಕ್ಲಚ್ ಸ್ಥಿತಿ ತೋರಿಸಿದ್ರೆ, ಪೆಡಲ್ ತುಳಿದಾಗ ಅದು ಬದಲಾಗುತ್ತಾ ನೋಡಿ. ಅಗ್ಗದ ಅಡಾಪ್ಟರ್‌ಗಳು ಎಲ್ಲಾ ಗಾಡಿಯಲ್ಲೂ ಇದನ್ನ ತೋರಿಸಲ್ಲ.

'ಡೈರೆಕ್ಟ್' ಮಾಡಿಸಬೇಡಿ

'ಎರಡು ವೈರ್ ಸೇರಿಸಿದ್ರೆ ಆಯ್ತು ಬಿಡಿ ಸಾರ್' ಅನ್ನೋರು ಸಿಗ್ತಾರೆ. ನಾನೂ ಒಪ್ಪಿಕೊಂಡಿದ್ದೆ. ಮೂರನೇ ದಿನ ಗಾಡಿ ಗೇರ್‌ನಲ್ಲಿ ನಿಂತಿತ್ತು. ಪಕ್ಕದ ಮನೆ ಹುಡುಗ ಹಾಡು ಕೇಳೋಣ ಅಂತ ಕೀ ತಿರುಗಿಸಿದ. ಗಾಡಿ ಮುಂದಕ್ಕೆ ಹಾರಿ ಕ್ರೇಟ್ ರಾಶಿಗೆ ಗುದ್ದಿತು. ಅರ್ಧ ನಿಮಿಷದ ಹಿಂದೆ ಅದೇ ಜಾಗದಲ್ಲಿ ನಮ್ಮಮ್ಮ ಕೂತು ಬೀನ್ಸ್ ಆರಿಸ್ತಿದ್ರು. ಅವತ್ತೇ ಆ ವೈರ್ ಬಿಚ್ಚಿಸಿ, ಹೊಸ ಬಿಲ್ಲೆ ಹಾಕಿಸಿದೆ.

ಟ್ರ್ಯಾಕ್ಟರ್‌ಗೂ ಇದೇ ಮಾತು. ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಹಾಗೆ ಅದರಲ್ಲಿ ಸ್ವಿಚ್ ಇಟ್ಟಿರೋದು, ಗೇರ್‌ನಲ್ಲಿದ್ದಾಗ ಅದು ಜನರ ಮೇಲೆ ಹರಿಯಬಾರದು ಅಂತಲೇ.

ವಾರಂಟಿ ಇರೋ ಗಾಡಿಯಾದ್ರೆ ವೈರ್ ಕತ್ತರಿಸಬೇಡಿ, ಸರ್ವಿಸ್ ಸೆಂಟರ್‌ಗೇ ಹೋಗಿ. ಪೆಡಲ್ ಮೆತ್ತಗಾಗಿ ಗೇರ್ ಕರಕರ ಅಂತಿದ್ರೆ ಅದು ಸ್ವಿಚ್ ಸಮಸ್ಯೆ ಅಲ್ಲ, ಕ್ಲಚ್ಚನ್ನೇ ತೋರಿಸಿ. ಉಳಿದ ಹಾಗೆ, ಇವತ್ತು ಸಂಜೆ ಬಿಡುವಾದಾಗ ಪೆಡಲ್ ಮೇಲೊಮ್ಮೆ ಟಾರ್ಚ್ ಬಿಟ್ಟು ಆ ಬಿಲ್ಲೆ ಹೇಗಿದೆ ನೋಡಿಟ್ಟುಕೊಳ್ಳಿ. ಲೋಡ್ ಆದ ಮೇಲೆ ನೋಡೋದಕ್ಕಿಂತ ಅದು ಸುಲಭ.