ಕಾಫಿ ನಾಡಿಗೆ ತರೀಕೆರೆ ದಾರಿ

ತರೀಕೆರೆಯಲ್ಲಿ ರೈಲು ಇಳಿದವರಿಗೆ ಮೊದಲು ಎದುರಾಗುವುದು ಅಡಿಕೆ ಮತ್ತು ತೆಂಗು. ಕಾಫಿ ಗಿಡದ ಸುಳಿವೂ ಅಲ್ಲಿರುವುದಿಲ್ಲ. ಪೂರ್ವಕ್ಕೆ ಹೋದರೆ ಅಜ್ಜಂಪುರದ ಈರುಳ್ಳಿ ಹೊಲಗಳು, ಅಮೃತಮಹಲ್ ದನಗಳ ತಳಿ ಕೇಂದ್ರ. ದಕ್ಷಿಣಕ್ಕೆ ಕಡೂರಿನ ರಾಗಿ, ತೆಂಗಿನ ಬಯಲು. ಬೆಟ್ಟದ ಕಡೆಗೆ ಮುಖ ತಿರುಗಿಸಿದಾಗ ಮಾತ್ರ ನೋಟ ಬದಲಾಗುತ್ತದೆ. ಬಾಬಾಬುಡನ್‌ಗಿರಿ ಶ್ರೇಣಿ ನೀಲಿ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ನಾಲಿಗೆ ತೊಡರಿಸುವ ಕುರಿಮರಿಗಳ ಮಾತಿನಿಂದ ನಾಡಿನ ಮಕ್ಕಳಿಗೆಲ್ಲ ಪರಿಚಯವಾದ ಈ ಊರಿನಿಂದ ಲಿಂಗದಹಳ್ಳಿ ದಾರಿ ಹಿಡಿದರೆ, ಊಟದ ಹೊತ್ತಿಗೆ ಮುಂಚೆಯೇ ಬಯಲು ಮುಗಿದು ಮಲೆನಾಡು ಶುರುವಾಗಿರುತ್ತದೆ.

ಕಾಫಿ ತೋಟ ನೋಡಬೇಕೆಂದು ಬೆಂಗಳೂರಿನಿಂದ ಹೊರಟವರಲ್ಲಿ ಹೆಚ್ಚಿನವರು ಚಿಕ್ಕಮಗಳೂರು ಪಟ್ಟಣದಿಂದ ಸೀದಾ ಮುಳ್ಳಯ್ಯನಗಿರಿಗೆ ಹೋಗುತ್ತಾರೆ. ರಜೆಯ ದಿನಗಳಲ್ಲಿ ಗಿರಿಯ ರಸ್ತೆಯಲ್ಲಿ ಕಾರುಗಳ ಸಾಲು ಕರಗುವುದೇ ಇಲ್ಲ. ದಟ್ಟಣೆ ತಡೆಯಲು ಜಿಲ್ಲಾಡಳಿತ ವಾಹನಗಳಿಗೆ ಮಿತಿಯನ್ನೂ ಮುಂಗಡ ನೋಂದಣಿಯನ್ನೂ ತರಬೇಕಾಯಿತು. ಅಷ್ಟೆಲ್ಲ ಕಷ್ಟಪಟ್ಟು ಹೋದವರು ದಾರಿಯುದ್ದಕ್ಕೂ ಕಾಫಿ ಗಿಡಗಳನ್ನು ಕಿಟಕಿಯಿಂದ ನೋಡುತ್ತಾರೆ. ಆದರೆ ಆ ಹಣ್ಣು ಲೋಟದ ಕಾಫಿಯಾಗುವುದು ಹೇಗೆಂದು ತಿಳಿಯದೆಯೇ ಮರಳುತ್ತಾರೆ. ಒಂದು ಕುಟುಂಬಕ್ಕೆ ಅಥವಾ ಗೆಳೆಯರ ಒಂದು ಗುಂಪಿಗೇ ಮೀಸಲಾದ, ತೋಟ ಬಲ್ಲವರೊಬ್ಬರು ಜೊತೆಗಿರುವ ಪ್ರವಾಸ ಈ ಕೊರತೆಯನ್ನು ತುಂಬುತ್ತದೆ. ಅದನ್ನು ಯೋಜಿಸುವುದಕ್ಕೆ ಒಂದು ಕ್ರಮವಿದೆ.

ದ್ರಾಕ್ಷಿ ಬೆಳೆಯುವ ನಾಡುಗಳು ಈ ಕ್ರಮವನ್ನು ಹಿಂದೆಯೇ ಕಂಡುಕೊಂಡಿವೆ. ಫ್ರಾನ್ಸ್‌ನ ಬೋರ್ಡೊದಲ್ಲಿ, ಅಮೆರಿಕದ ನಾಪಾ ಕಣಿವೆಯಲ್ಲಿ ಪ್ರವಾಸಿಗರು ಮೊದಲೇ ಸಮಯ ಗೊತ್ತು ಮಾಡಿಕೊಂಡು, ಮಾರ್ಗದರ್ಶಕರ ಜೊತೆ ದಿನಕ್ಕೆ ಎರಡು ಮೂರು ವೈನರಿಗಳನ್ನಷ್ಟೇ ನೋಡುತ್ತಾರೆ. ನಮ್ಮಲ್ಲೂ ಅದರ ಮಾದರಿ ಇದೆ. ಕನ್ವಲ್ ಗ್ರೋವರ್ 1988ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಸೀಮೆಯಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿಯಿಂದ ವೈನ್ ಮಾಡುವ ಉದ್ಯಮ ಆರಂಭಿಸಿದರು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದಿತು. ಗ್ರೋವರ್ ಅವರ ದ್ರಾಕ್ಷಿ ತೋಟಕ್ಕೆ ಹೋದವರು ಬಳ್ಳಿಗಳ ನಡುವೆ ನಡೆದು, ಪೀಪಾಯಿಗಳ ಕೋಣೆ ನೋಡಿ, ಕೊನೆಗೆ ರುಚಿ ನೋಡುವ ಮೇಜಿಗೆ ಬರುತ್ತಾರೆ. ಮಣ್ಣು, ಎತ್ತರ, ಬಿಸಿಲು, ಹುದುಗು ಇವು ರುಚಿಯಾಗಿ ಬದಲಾಗುವ ಬಗೆ ಅಲ್ಲಿ ತಿಳಿಯುತ್ತದೆ. ಕಾಫಿಗೂ ಇದೆಲ್ಲ ಅನ್ವಯಿಸುತ್ತದೆ. ಹುದುಗು ಬರಿಸುವ ತೊಟ್ಟಿಯೂ ಇಲ್ಲಿದೆ, ರುಚಿ ನೋಡುವ ಮೇಜೂ ಇದೆ. ನೆಲದ ಹೆಸರಿಗೆ ಕಾನೂನಿನ ಮುದ್ರೆಯೂ ಬಿದ್ದಿದೆ: ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಚಿಕ್ಕಮಗಳೂರು ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಇಲ್ಲಿನ ಕಥೆ ಹಳೆಯದು. ಸೂಫಿ ಸಂತ ಬಾಬಾಬುಡನ್ 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ, ಅಂದರೆ ಇಂದಿನ ಬಾಬಾಬುಡನ್‌ಗಿರಿಯಲ್ಲಿ, ಬಿತ್ತಿದರೆಂದು ನಂಬಿಕೆ. ಈ ಕಥೆಯನ್ನು ಮಾರ್ಗದರ್ಶಕರೆಲ್ಲರೂ ಹೇಳುತ್ತಾರೆ. ಆಮೇಲೆ ನಡೆದದ್ದನ್ನೂ ಹೇಳಬಲ್ಲವರು ಒಳ್ಳೆಯ ಮಾರ್ಗದರ್ಶಕರು. ಎಲೆ ತುಕ್ಕು ರೋಗ ತೋಟಗಳನ್ನು ಬೋಳಾಗಿಸಿದ್ದು, ಅದಕ್ಕೆ ಉತ್ತರ ಹುಡುಕಲು 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸಂಸ್ಥಾನ ಕಾಫಿ ಪ್ರಯೋಗ ಕೇಂದ್ರ ತೆರೆದದ್ದು, ಅಲ್ಲಿ ಹುಟ್ಟಿದ ಎಸ್. 795 ತಳಿ ಇಂದಿಗೂ ಈ ಬೆಟ್ಟಗಳ ಅನೇಕ ತೋಟಗಳಲ್ಲಿ ನಿಂತಿರುವುದು, ಇವೆಲ್ಲ ಅದೇ ಕಥೆಯ ಮುಂದಿನ ಅಧ್ಯಾಯಗಳು.

ಯೋಜನೆಯ ಮೊದಲ ಪ್ರಶ್ನೆ ಯಾವ ತಿಂಗಳು ಎಂಬುದು. ಹೆಚ್ಚಿನವರು ಮಕ್ಕಳ ರಜೆ ನೋಡಿ ದಿನ ಗೊತ್ತು ಮಾಡುತ್ತಾರೆ. ಕಾಫಿ ಗಿಡಕ್ಕೆ ಅದರದೇ ಪಂಚಾಂಗವಿದೆ.

ಮಾರ್ಚ್, ಏಪ್ರಿಲ್‌ನಲ್ಲಿ ಬೀಳುವ ಮೊದಲ ಮಳೆಗೆ ಹೂಮಳೆ ಎನ್ನುತ್ತಾರೆ. ಮಳೆ ಅಳೆಯುವ ಮಾಪಕವನ್ನು ಬೆಳೆಗಾರರು ತೋಟದಲ್ಲೇ ಇಟ್ಟುಕೊಂಡಿರುತ್ತಾರೆ. ಮೈಸೂರು ದಸರೆಯ ಲೆಕ್ಕ ತಪ್ಪಿದರೂ ಹೂಮಳೆಯ ಇಂಚು, ಸೆಂಟುಗಳ ಲೆಕ್ಕ ಅವರಿಗೆ ತಪ್ಪುವುದಿಲ್ಲ. ಒಂದು ಇಂಚಿನಷ್ಟು ಹದವಾದ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ. ಗಾಳಿಯಲ್ಲಿ ಮಲ್ಲಿಗೆಯನ್ನು ಹೋಲುವ ಕಂಪು. ಮೂರು ನಾಲ್ಕು ದಿನಗಳಲ್ಲಿ ಎಲ್ಲ ಬಾಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೂ ನೋಡಬೇಕೆನ್ನುವವರು ತಿಂಗಳ ಮೊದಲೇ ದಿನ ಗೊತ್ತು ಮಾಡುವಂತಿಲ್ಲ. ತೋಟದವರ ಫೋನಿಗೆ ಕಾದು, ಮಳೆ ಬಿತ್ತೆಂಬ ಸುದ್ದಿ ಬಂದ ಮೇಲೆ ಗಂಟು ಕಟ್ಟಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಝರಿಗಳು ತುಂಬಿ ಹರಿಯುತ್ತವೆ, ಇಂಬಳಗಳು ಕಾಲಿಗೆ ಹತ್ತುತ್ತವೆ, ಘಾಟಿಯಲ್ಲಿ ಮಣ್ಣು ಕುಸಿಯುತ್ತದೆ. ಜಲಪಾತ ನೋಡಲು ಇದು ಸಕಾಲ. ತೋಟದ ಕೆಲಸ ನೋಡಲು ಅಲ್ಲ.

ಕಾಫಿಯ ಪ್ರವಾಸಕ್ಕೆ ಎಲ್ಲಕ್ಕಿಂತ ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಜನವರಿ. ಆಗ ಅರೇಬಿಕಾ ಹಣ್ಣಿನ ಕುಯ್ಲು ನಡೆಯುತ್ತಿರುತ್ತದೆ. ರೊಬಸ್ಟಾ ಇನ್ನೂ ತಡವಾಗಿ ಹಣ್ಣಾಗಿ ಫೆಬ್ರುವರಿ, ಮಾರ್ಚ್‌ವರೆಗೂ ಹೋಗುತ್ತದೆ. ಆದರೆ ತೋಟದವರಿಗೆ ಇದು ಉಸಿರು ಬಿಡಲೂ ಪುರಸೊತ್ತಿಲ್ಲದ ಕಾಲ. ಅದಕ್ಕೇ ಒಂದೆರಡು ತಿಂಗಳು ಮುಂಚೆ ಮಾತಾಡಿ, ವಾರದ ನಡುವಿನ ದಿನ ಕೇಳಿಕೊಳ್ಳುವುದು ಒಳ್ಳೆಯದು. ಸಂತೆಯ ದಿನ ಆಳುಗಳಿಗೆ ರಜೆ ಕೊಡುವ ತೋಟಗಳೂ ಇವೆ. ಆ ದಿನ ಹೋದವರಿಗೆ ಸಿಗುವುದು ಖಾಲಿ ತೋಟ ಮತ್ತು ನಿಂತ ಯಂತ್ರ.

ಎರಡನೆಯ ಪ್ರಶ್ನೆ ಯಾರ ಜೊತೆ ಹೋಗಬೇಕೆಂಬುದು. ಕಾಫಿ ತೋಟಗಳು ಖಾಸಗಿ ನೆಲ. ಬೇಲಿ ದಾಟಿ ಒಳಹೊಕ್ಕು ಫೋಟೊ ತೆಗೆಯುವವರ ಬಗ್ಗೆ ಬೆಳೆಗಾರರಿಗೆ ಸಿಟ್ಟಿದೆ, ಅದು ಸಹಜವೂ ಹೌದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ, ಸ್ವಂತ ತೋಟವಿರುವ ಹೋಮ್‌ಸ್ಟೇ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ತೋಟದ ಯಜಮಾನರೋ ಲೆಕ್ಕ ಬರೆಯುವ ರೈಟರೋ ಜೊತೆಗೆ ನಡೆಯುತ್ತಾರೆ. ಹೊರಗಿನ ಮಾರ್ಗದರ್ಶಕರನ್ನು ಗೊತ್ತು ಮಾಡುವುದಾದರೆ ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಬಹುದು. ತೋಟ ಎಷ್ಟು ಎತ್ತರದಲ್ಲಿದೆ? ಯಾವ ತಳಿ? ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವುದು ಎಷ್ಟು ಹೊತ್ತಿಗೆ? ಕೆಲಸ ನಡೆಯುವಾಗ ಒಳಗೆ ಬಿಡುತ್ತಾರೆಯೇ? ಜೀಪಿನ ಬಾಡಿಗೆ, ಮಾರ್ಗದರ್ಶಕರ ಸಂಭಾವನೆ, ಊಟ, ತೋಟದವರಿಗೆ ಸಲ್ಲಬೇಕಾದದ್ದು, ಇವನ್ನು ಬೇರೆ ಬೇರೆಯಾಗಿ ಹೇಳುವವರು ನಂಬಿಕಸ್ಥರು. ಆರೇಳು ಜನರ ಗುಂಪಾದರೆ ಒಂದು ಜೀಪು ಸಾಕು, ತಲೆಗೆ ಬೀಳುವ ಖರ್ಚೂ ಇಳಿಯುತ್ತದೆ.

ಎರಡು ದಿನ ಇದ್ದರೆ ತರೀಕೆರೆ ಕಡೆಯಿಂದ ಒಂದು ಅಚ್ಚುಕಟ್ಟಾದ ಸುತ್ತು ಹಾಕಬಹುದು. ಮೊದಲ ದಿನ ಬೆಳಿಗ್ಗೆ ಊರಿನಿಂದ ಸುಮಾರು 10 ಕಿ.ಮೀ. ದೂರದ ಅಮೃತಾಪುರ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತೇಶ್ವರ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಮುಂದೆ ಹೆಸರಾದ ಶಿಲ್ಪಿ ರೂವಾರಿ ಮಲ್ಲಿತಮ್ಮ ಉಳಿ ಹಿಡಿದು ಕೈ ಪಳಗಿಸಿಕೊಂಡದ್ದು ಇಲ್ಲಿಯೇ. ಬಿಸಿಲೇರುವ ಮುಂಚೆ ಹೋದರೆ ಮಂಟಪದ ಹೊರಗೋಡೆಯ ರಾಮಾಯಣ, ಮಹಾಭಾರತದ ಕೆತ್ತನೆಗಳನ್ನು ನಿಧಾನವಾಗಿ ನೋಡಬಹುದು.

ಅಲ್ಲಿಂದ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ. ಬಂಡೆಗಳ ಮೇಲಿಂದ ನೀರು ಇಳಿಯುವ ಜಾಗದಲ್ಲೇ ವೀರಭದ್ರನ ಗುಡಿ. ರಸ್ತೆ ತಿರುವಿನ ಮೇಲೆ ತಿರುವು ಹಾಕುತ್ತ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುತ್ತದೆ. ಊರಿನ ಹೆಸರೇ ಅದರ ಮಣ್ಣಿನ ಬಣ್ಣ ಹೇಳುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಬೆಟ್ಟಗಳಿಂದ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯಲು ಬರುತ್ತಿದ್ದ ಗಿರಿಧಾಮ ಇದು. ಹೆಬ್ಬೆ ಜಲಪಾತಕ್ಕೆ ಹೋಗುವ ಕಚ್ಚಾ ದಾರಿ ತೋಟ, ಕಾಡುಗಳ ನಡುವೆ ಹಾಯುತ್ತದೆ. ಅಲ್ಲಿಗೆ ಸ್ಥಳೀಯ ಜೀಪು ಬೇಕು, ಅರಣ್ಯ ಇಲಾಖೆಯ ನಿಯಮ ಪಾಲಿಸಬೇಕು.

ಎರಡನೆಯ ದಿನ ಪೂರ್ತಿ ಒಂದೇ ತೋಟಕ್ಕೆ. ಮೂರು ತೋಟ ಓಡಿ ನೋಡಿದವರಿಗಿಂತ ಒಂದು ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದ್ದವರಿಗೆ ಹೆಚ್ಚು ದಕ್ಕುತ್ತದೆ. ಲಿಂಗದಹಳ್ಳಿಯಿಂದ ಸಂತವೇರಿ, ಮಲ್ಲೇನಹಳ್ಳಿ ಕಡೆಗೆ ಸಾಗುವ ಚಿಕ್ಕಮಗಳೂರು ರಸ್ತೆಯ ಇಕ್ಕೆಲದಲ್ಲೂ ತೋಟಗಳಿವೆ.

ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದು ತೋಟಕ್ಕೆ ಇಳಿದರೆ ಮೊದಲು ಗಮನ ಸೆಳೆಯುವುದು ನೆರಳು. ಸಿಲ್ವರ್ ಮರ, ಹಾಲುವಾಣ, ಹಲಸು, ಅತ್ತಿ. ಅವುಗಳನ್ನು ಹಬ್ಬಿದ ಕಾಳುಮೆಣಸಿನ ಬಳ್ಳಿ. ಬಿಸಿಲು ಸೋಸಿಕೊಂಡು ಕೆಳಗೆ ಬರುತ್ತದೆ. ನೆರಳು ಎಷ್ಟಿರಬೇಕೆಂದು ತೀರ್ಮಾನಿಸಿ ಕೊಂಬೆ ಕಡಿಯುವ ಮರಗಸಿ ಈ ಸೀಮೆಯಲ್ಲಿ ದೊಡ್ಡ ಕಸುಬು. ನೆರಳು ಕಡಿಮೆಯಾಗಿ ಬಿಸಿಲು ಹೆಚ್ಚಾದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹತ್ತುತ್ತದೆ. ಒಳಗಿನಿಂದ ಕೊರೆದ ಗಿಡವನ್ನು ಕಿತ್ತು ಸುಡದೆ ಬೇರೆ ದಾರಿಯಿರುವುದಿಲ್ಲ.

ಹಣ್ಣು ಕುಯ್ಯುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು, ಕೊಂಬೆ ಬಗ್ಗಿಸಿ, ಕೆಂಪಾದದ್ದನ್ನಷ್ಟೇ ಬಿಡಿಸುತ್ತಾರೆ. ಹಸಿರು ಕಾಯಿ ಉಳಿಯಬೇಕು, ಮುಂದಿನ ವರ್ಷದ ಮೊಗ್ಗು ಬರುವ ಗಿಣ್ಣು ಮುರಿಯಬಾರದು. ಒಂದು ಹಣ್ಣನ್ನು ಬೆರಳ ನಡುವೆ ಒತ್ತಿದರೆ ಲೋಳೆ ಮೆತ್ತಿದ ಎರಡು ಬೀಜ ಜಾರಿ ಹೊರಬರುತ್ತವೆ. ಲೋಳೆಗೆ ನಾಲಿಗೆ ತಾಗಿಸಿದರೆ ಸಿಹಿ. ಕಾಫಿಯ ಪರಿಮಳ ಅದರಲ್ಲಿ ಇನ್ನೂ ಎಳ್ಳಷ್ಟೂ ಇರುವುದಿಲ್ಲ.

ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದನ್ನು ಮಾಡುವ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಬೇಕು. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ಬೀಜ ತೊಟ್ಟಿಯಲ್ಲಿ ಒಂದು ದಿನವೋ ಒಂದೂವರೆ ದಿನವೋ ಹುದುಗು ಬರುತ್ತದೆ. ಚಳಿ ಹೆಚ್ಚಿದ್ದರೆ ಇನ್ನೂ ಸ್ವಲ್ಪ ತಡ. ಹದ ತಿಳಿಯಲು ಗಡಿಯಾರ ಸಾಲದು. ತೊಟ್ಟಿಯಿಂದ ಒಂದು ಹಿಡಿ ಬೀಜ ತೆಗೆದು ನೀರಿನಲ್ಲಿ ಉಜ್ಜಿದಾಗ ಲೋಳೆ ಹೋಗಿ, ಹೊಳೆಯ ಗರಸಿನಂತೆ ಕೈಗೆ ಒರಟಾಗಿ ಸಿಗಬೇಕು. ಜಾರಿದರೆ ಇನ್ನೂ ಬಂದಿಲ್ಲ. ತಡವಾದರೆ ಹುಳಿ ವಾಸನೆ ಬೀಜಕ್ಕೆ ಇಳಿದು ಆ ಪಾಲು ಕೆಡುತ್ತದೆ. ಪ್ರವಾಸಿಗರ ಕೈಗೂ ಒಂದು ಹಿಡಿ ಕೊಟ್ಟು ನೋಡಲು ಹೇಳುವ ತೋಟದವರು ಸಿಕ್ಕರೆ ಪ್ರವಾಸ ಸಾರ್ಥಕ. ತೊಳೆದ ಬೀಜ ಕಣಕ್ಕೆ ಹೋಗುತ್ತದೆ. ವಾರ, ಹತ್ತು ದಿನ ಬಿಸಿಲಲ್ಲಿ ಹರವಿ, ಕೈಯಾಡಿಸುತ್ತ, ಸಂಜೆ ಮಂಜಿಗೆ ಸಿಕ್ಕದಂತೆ ಗುಡ್ಡೆ ಮಾಡಿ ಮುಚ್ಚುತ್ತಾರೆ. ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರಿ. ಸುಮಾರು 6 ಕಿಲೋ ಹಣ್ಣಿಗೆ ಕೊನೆಯಲ್ಲಿ ಕೈಗೆ ಬರುವುದು 1 ಕಿಲೋ ಬೀಜ.

ಮಧ್ಯಾಹ್ನದ ಊಟದ ಮೇಲೆ ರುಚಿಯ ಪಾಠ. ಅದಕ್ಕೆ ಕಪಿಂಗ್ ಎನ್ನುತ್ತಾರೆ. ಹುರಿದ ಬೀಜವನ್ನು ತರಿಯಾಗಿ ಪುಡಿ ಮಾಡಿ ಬಟ್ಟಲುಗಳಿಗೆ ಹಾಕಿ, ಮೊದಲು ಒಣ ಪುಡಿಯ ವಾಸನೆ ನೋಡುತ್ತಾರೆ. ಬಿಸಿನೀರು ಹೊಯ್ದು ನಾಲ್ಕು ನಿಮಿಷ ಕಾದು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದಾಗ ಏಳುವ ಹಬೆಗೆ ಮೂಗು ಹಿಡಿಯುತ್ತಾರೆ. ಆಮೇಲೆ ಸೊರ್ ಎಂದು ಸದ್ದು ಮಾಡುತ್ತ ಹೀರುವುದು. ಸದ್ದಿಗೆ ಸಂಕೋಚ ಬೇಡ. ದ್ರವ ತುಂತುರಾಗಿ ಬಾಯೆಲ್ಲ ಹರಡಲೆಂದೇ ಹಾಗೆ ಹೀರುತ್ತಾರೆ. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎಂದು ಹೆಸರಾದ ಸುನಾಲಿನಿ ಮೆನನ್ ಕಾಫಿ ಬೋರ್ಡಿನಲ್ಲಿ ಈ ವಿದ್ಯೆಯಲ್ಲಿ ಪಳಗಿದವರು. ಚಿಕೋರಿ ಬೆರೆತ ಹಾಲಿನ ಕಾಫಿಗೆ ಒಗ್ಗಿದ ನಾಲಿಗೆಗೆ ಬರೀ ಕಾಫಿಯ ನವಿರು ಹುಳಿ, ಚಾಕೊಲೇಟಿನ ನೆನಪು ತರುವ ಕೊನೆಯ ರುಚಿ ಮೊದಲ ಗುಟುಕಿಗೆ ತಿಳಿಯುವುದಿಲ್ಲ. ನೆರಳು ತೋಟದ ಅರೇಬಿಕಾವನ್ನೂ ರೊಬಸ್ಟಾವನ್ನೂ ಪಕ್ಕಪಕ್ಕ ಇಟ್ಟು ಕುಡಿಸಿದರೆ ಮಕ್ಕಳೂ ವ್ಯತ್ಯಾಸ ಹೇಳುತ್ತಾರೆ.

ಹೋಗುವವರು ಪಾಲಿಸಬೇಕಾದ ಕೆಲವು ಸಂಗತಿಗಳಿವೆ. ಕಣದಲ್ಲಿ ಹರವಿದ ಬೀಜದ ಮೇಲೆ ಚಪ್ಪಲಿ ಮೆಟ್ಟಿ ನಡೆಯಬಾರದು. ಪಲ್ಪರ್ ಬೆಲ್ಟಿನ ಹತ್ತಿರ ಮಕ್ಕಳನ್ನು ಬಿಡಬಾರದು. ಕೆಲಸದವರ ಫೋಟೊ ತೆಗೆಯುವ ಮುಂಚೆ ಕೇಳಬೇಕು. ಲೈನ್ ಮನೆಗಳು ಅವರ ಸಂಸಾರದ ಜಾಗ, ಅಲ್ಲಿ ಇಣುಕಬಾರದು. ಈ ಬೆಟ್ಟಗಳ ಆಚೆ 1998ರಲ್ಲಿ ಘೋಷಣೆಯಾದ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಆನೆ ಬಂದಿದೆಯೆಂದು ತೋಟದವರು ಹೇಳಿದ ದಿನ ನಡಿಗೆ ಬಿಟ್ಟು ಮನೆಯಲ್ಲೇ ಇರಬೇಕು. ಒಂದು ದಿನ ಹೆಚ್ಚಿಗೆ ಇದ್ದವರು ಲಕ್ಕವಳ್ಳಿಗೆ ಹೋಗಿ ಭದ್ರಾ ಜಲಾಶಯದ ಮೇಲೆ ದೋಣಿಯಲ್ಲಿ ಸುತ್ತಿ, ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳನ್ನು ನೋಡಬಹುದು.

ಜೀಪು ಹೊರಡುವುದನ್ನು ಸಂಜೆ ಒಂದು ಗಂಟೆ ತಡ ಮಾಡಿಸಿಕೊಂಡರೆ ಇನ್ನೊಂದು ದೃಶ್ಯ ಕಾಣಸಿಗುತ್ತದೆ. ಕತ್ತಲಾಗುವ ಮುಂಚೆ ಕುಯ್ಲಿನವರು ತುಂಬಿದ ಚೀಲಗಳನ್ನು ತಲೆಯ ಮೇಲೆ ಹೊತ್ತು ತೋಟದ ದಾರಿಗುಂಟ ಸಾಲಾಗಿ ಬರುತ್ತಾರೆ. ಮೇಸ್ತ್ರಿ ಒಂದೊಂದೇ ಚೀಲವನ್ನು ತಕ್ಕಡಿಗೆ ಏರಿಸುತ್ತಾನೆ, ರೈಟರು ಹೆಸರು ಕೂಗಿ ಪುಸ್ತಕದಲ್ಲಿ ಕಿಲೋ ಬರೆಯುತ್ತಾರೆ. ಬೆಳಿಗ್ಗೆ ಉತ್ಸಾಹದಿಂದ ಚೀಲ ಕಟ್ಟಿಕೊಂಡು ಅರ್ಧ ಗಂಟೆಯಲ್ಲೇ ಬೆನ್ನು ನೋವೆಂದು ಕೂತ ಪಟ್ಟಣದ ಮಕ್ಕಳು ಕೂಡ ತಮ್ಮ ಪಾಲಿನ ಎರಡು ಹಿಡಿ ಹಣ್ಣನ್ನು ತಂದು ತಕ್ಕಡಿಗೆ ಸುರಿಯುತ್ತಾರೆ. ಮುಳ್ಳು ಅಲುಗುವುದಿಲ್ಲ. ಪಕ್ಕದಲ್ಲಿ ನಿಂತ ಹೆಂಗಸರು ನಕ್ಕು, ಆ ಹಣ್ಣನ್ನೂ ತಮ್ಮ ರಾಶಿಗೆ ಸೇರಿಸಿಕೊಳ್ಳುತ್ತಾರೆ.