ಒಡೆಯದ ಸಂಖ್ಯೆಯ ಮೇಲೆ ನಿಂತ ಸಹಿ

ಸೀಮಾಂತ ಉಪಯುಕ್ತತೆಯ ಸಿದ್ಧಾಂತವನ್ನು ರೂಪಿಸಿದವರಲ್ಲೊಬ್ಬರಾದ ಬ್ರಿಟಿಷ್ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1874ರಲ್ಲಿ ‘ದಿ ಪ್ರಿನ್ಸಿಪಲ್ಸ್ ಆಫ್ ಸೈನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಓದುಗರ ಮುಂದೆ ಅವರಿಟ್ಟ ಸಂಖ್ಯೆ 8616460799. ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತದೆಂಬುದು ತಮ್ಮ ಹೊರತು ಬೇರಾರಿಗೂ ತಿಳಿಯುವ ಸಂಭವವಿಲ್ಲವೆಂದು ಅವರು ಭಾವಿಸಿದ್ದರು. ಉತ್ತರ 89681 ಮತ್ತು 96079. ಇಂದು ಸಾಧಾರಣ ಮೊಬೈಲ್ ಫೋನ್ ಸಹ ಕ್ಷಣಮಾತ್ರದಲ್ಲಿ ಇದನ್ನು ಹೇಳಬಲ್ಲದು. ಸ್ವತಃ ತರ್ಕಯಂತ್ರವೊಂದನ್ನು ನಿರ್ಮಿಸಿದ್ದ ಜೆವನ್ಸ್ ಅವರಿಗೇ ಯಂತ್ರಗಳ ಭವಿಷ್ಯ ಹೊಳೆಯದೆ ಹೋದದ್ದು ವಿಚಿತ್ರ.

ಗುಣಿಸುವುದು ಸುಲಭ, ಗುಣಲಬ್ಧದಿಂದ ಅಪವರ್ತನಗಳನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಈ ಅಸಮಾನತೆಯನ್ನೇ ಬಳಸಿ ಅಮೆರಿಕದ ಎಂಐಟಿಯ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ 1977ರಲ್ಲಿ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನವನ್ನು ರೂಪಿಸಿದರು. ಅದೇ ವರ್ಷ ಮಾರ್ಟಿನ್ ಗಾರ್ಡ್ನರ್ ಅವರ ಅಂಕಣದ ಮೂಲಕ 129 ಅಂಕಿಗಳ ಸಂಖ್ಯೆಯೊಂದನ್ನು ಜನರ ಮುಂದಿಟ್ಟು, ಅದನ್ನು ಒಡೆದು ಗುಪ್ತ ಸಂದೇಶವನ್ನು ಓದಿದವರಿಗೆ 100 ಡಾಲರ್ ಬಹುಮಾನ ಘೋಷಿಸಲಾಯಿತು. ಅದಕ್ಕೆ ನಾನೂರು ಕೋಟಿ ಕೋಟಿ ವರ್ಷ ಬೇಕಾದೀತೆಂಬುದು ಆಗಿನ ಅಂದಾಜು. ಅಂತರ್ಜಾಲದ ಮೂಲಕ ಒಗ್ಗೂಡಿದ ಸುಮಾರು 600 ಸ್ವಯಂಸೇವಕರು, 1600ರಷ್ಟು ಕಂಪ್ಯೂಟರುಗಳನ್ನು ದುಡಿಸಿ, ಸುಮಾರು ಎಂಟೇ ತಿಂಗಳಲ್ಲಿ, 1994ರ ಏಪ್ರಿಲ್‌ನಲ್ಲಿ ಅದನ್ನು ಒಡೆದರು. ಯಂತ್ರಗಳ ವೇಗ ಹೆಚ್ಚಿದ್ದು ಇದಕ್ಕೊಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಅಪವರ್ತಿಸುವ ವಿಧಾನವೇ ಈ ನಡುವೆ ಬದಲಾಗಿತ್ತು.

2001ರಲ್ಲಿ ಆರ್‌ಎಸ್‌ಎ ಲ್ಯಾಬೊರೇಟರೀಸ್ ಸಂಸ್ಥೆ 617 ಅಂಕಿಗಳ ‘ಆರ್‌ಎಸ್‌ಎ-2048’ ಸಂಖ್ಯೆಗೆ ಎರಡು ಲಕ್ಷ ಡಾಲರ್ ಬಹುಮಾನವಿಟ್ಟಿತು. 2007ರಲ್ಲಿ ಸ್ಪರ್ಧೆ ನಿಂತಿತು, ಸಂಖ್ಯೆ ಒಡೆಯಲಿಲ್ಲ. ಅದು ಅವಿಭಾಜ್ಯವಲ್ಲವೆಂಬುದನ್ನು ಮಾತ್ರ ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಅಪವರ್ತನ ಗೊತ್ತಿಲ್ಲದೆ ಇದು ಹೇಗೆ ಸಾಧ್ಯ? ಚಿಕ್ಕ ಉದಾಹರಣೆಯಾಗಿ 91ನ್ನು ತೆಗೆದುಕೊಳ್ಳೋಣ. ಅದು ಅವಿಭಾಜ್ಯವಾಗಿದ್ದರೆ, 2ರ 90ನೇ ಘಾತವನ್ನು 91ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಇದು ಹದಿನೇಳನೆಯ ಶತಮಾನದ ಫರ್ಮಾ ಕಂಡ ನಿಯಮ. ಬರುವುದು 64. ಅಲ್ಲಿಗೆ 91 ಸಂಯುಕ್ತ ಸಂಖ್ಯೆಯೆಂದು ಸಿದ್ಧವಾಯಿತು, 7 ಮತ್ತು 13ರ ಸುಳಿವೇ ಇಲ್ಲದೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಎಷ್ಟೇ ದೊಡ್ಡ ಸಂಖ್ಯೆಯಾದರೂ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಖಚಿತವಾಗಿ, ದಕ್ಷವಾಗಿ ನಿರ್ಣಯಿಸಬಹುದೆಂದು ಸಾಧಿಸಿದರು. ಅಪವರ್ತಿಸಲು ಅಂತಹ ಸುಲಭ ದಾರಿ ಇಲ್ಲವೆಂದು ಮಾತ್ರ ಯಾರೂ ಸಾಧಿಸಿಲ್ಲ. ಕಷ್ಟವೆಂದರೆ ಇಲ್ಲಿ ಇದುವರೆಗೆ ದಾರಿ ಸಿಕ್ಕಿಲ್ಲ ಎಂದಷ್ಟೇ ಅರ್ಥ.

ಇದು ಗಣಿತಜ್ಞರ ಆಟವಾಗಿಯೇ ಉಳಿದಿದ್ದರೆ ನಾವು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿತು. ಟೆಂಡರಿನಿಂದ ಪಹಣಿಯವರೆಗೆ ಇಂದು ಇಂತಹ ಸಹಿ ಬಳಕೆಯಲ್ಲಿದೆ. ಈ ಸಹಿಗಳ ಪೈಕಿ ಬಹಳಷ್ಟಕ್ಕೆ ಆಧಾರ ಆರ್‌ಎಸ್‌ಎ-2048ರ ಗಾತ್ರದ್ದೇ ಆದ ಸಂಯುಕ್ತ ಸಂಖ್ಯೆಗಳು. ಸಾಮಾನ್ಯ ಕಂಪ್ಯೂಟರಿಗೆ ಅವು ಇನ್ನೂ ಬಹುದೂರ. 2020ರಲ್ಲಿ ಒಡೆದ ಆರ್‌ಎಸ್‌ಎ ಸಂಖ್ಯೆಯಲ್ಲಿದ್ದದ್ದು 250 ಅಂಕಿ. ಆದರೆ ತಕ್ಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಇವನ್ನು ಬೇಗನೆ ಒಡೆಯಬಲ್ಲದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅಂತಹ ಯಂತ್ರ ಇನ್ನೂ ತಯಾರಾಗಿಲ್ಲ. ಆದರೂ ಅಮೆರಿಕದ ಮಾನಕ ಸಂಸ್ಥೆ ಅಪವರ್ತನವನ್ನು ಅವಲಂಬಿಸದ ಹೊಸ ಸಹಿ ವಿಧಾನಗಳನ್ನು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು.

ಯಾವ ಕಡತವನ್ನು ಎಷ್ಟು ವರ್ಷ ಕಾಯ್ದಿಡಬೇಕೆಂದು ಸರ್ಕಾರಿ ಕಚೇರಿಗಳಲ್ಲಿ ವರ್ಗೀಕರಣವಿದೆ. ಅದರ ಪಕ್ಕದಲ್ಲಿ ಡಿಜಿಟಲ್ ಸಹಿಯ ಆಯುಷ್ಯವನ್ನೂ ನಮೂದಿಸುವ ಪದ್ಧತಿ ಬರಬೇಕು. ತಲೆಮಾರುಗಳ ಕಾಲ ಬಾಳಬೇಕಾದ ಭೂದಾಖಲೆಗಳಿಗೆ ಹೊಸ ವಿಧಾನದ ಸಹಿಯನ್ನು ಹಳೆಯದು ಇನ್ನೂ ಗಟ್ಟಿಯಾಗಿರುವಾಗಲೇ ಹಾಕಿಸಬೇಕು. ಅದು ಒಡೆದ ಮೇಲೆ ಅಸಲಿ ಪಹಣಿಗೂ ನಕಲಿಗೂ ಒಂದೇ ಸಹಿ ಇರುತ್ತದೆ.